ಹೃದಯಾಘಾತಕ್ಕೆ ಆಸ್ಪಿರಿನ್, ಡೆಂಗಿಗೆ ಅದೇ ವಿಷ: ಯಾವ ಮಾತ್ರೆ ಯಾರಿಗೆ ಅಂತ ಹೇಳೋ ಸರ್ಕಾರಿ ಪುಸ್ತಕದಲ್ಲಿ ಏನಿದೆ?

ಹೊಳೆನರಸೀಪುರ: 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನದೊಳಗೆ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಇಡೀ ರಾಜ್ಯದಲ್ಲಿ ಭಯ ಹುಟ್ಟಿಸಿತ್ತು. ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಹಾಸನದಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಅಂತ ಜುಲೈನಲ್ಲಿ ವರದಿ ಬಂತು.

ವರದಿ ಬಂದರೂ ಭಯ ಪೂರ್ತಿ ಹೋಗಲಿಲ್ಲ. ಇಂಥ ಹೊತ್ತಲ್ಲಿ ವಾಟ್ಸಾಪ್‌ನಲ್ಲಿ ಓಡಾಡೋ ಸಲಹೆ ಗೊತ್ತಿದ್ದದ್ದೇ: ಜೇಬಲ್ಲಿ ಒಂದು ಆಸ್ಪಿರಿನ್ ಇಟ್ಕೊಳ್ಳಿ, ಎದೆ ನೋವು ಬಂದ ಕೂಡಲೇ ಅಗಿದು ನುಂಗಿ, ಜೀವ ಉಳಿಯುತ್ತೆ. ಈ ಸಲಹೆಯಲ್ಲಿ ಅರ್ಧ ನಿಜ ಇದೆ.

ಅದಕ್ಕೂ ಒಂದು ವರ್ಷ ಮೊದಲಿನ ಮಾತು ನೆನಪು ಮಾಡಿಕೊಳ್ಳಿ. 2024ರ ಮಳೆಗಾಲದಲ್ಲಿ ಇದೇ ಜಿಲ್ಲೆಯಲ್ಲಿ ಡೆಂಗಿ ಭಯ. ಶಂಕಿತ ಡೆಂಗಿಯಿಂದ ಮಕ್ಕಳು ತೀರಿಕೊಂಡ ಸುದ್ದಿ ಮೇಲಿಂದ ಮೇಲೆ ಬಂತು. ಆ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸಿತು. ಡೆಂಗಿ ಜ್ವರದವರಿಗೆ ಕೊಡಲೇಬಾರದ ಮಾತ್ರೆಗಳಲ್ಲಿ ಮೊದಲನೆಯದು ಇದೇ ಆಸ್ಪಿರಿನ್. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕಮ್ಮಿಯಾಗಿರುತ್ತೆ, ಆಸ್ಪಿರಿನ್ ಉಳಿದ ಪ್ಲೇಟ್‌ಲೆಟ್‌ಗಳೂ ಒಂದಕ್ಕೊಂದು ಅಂಟದ ಹಾಗೆ ಮಾಡುತ್ತೆ. ಒಳಗೆ ರಕ್ತ ಸೋರೋಕೆ ಶುರುವಾದರೆ ನಿಲ್ಲಿಸೋದು ಕಷ್ಟ.

ಎರಡೂ ಕಡೆ ಕೆಲಸ ಮಾಡೋದು ಅದೇ ಗುಣ. ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಪ್ಲೇಟ್‌ಲೆಟ್ ಅಂಟದಿದ್ದರೆ ಒಳ್ಳೇದು, ಡೆಂಗಿ ಆದವರಿಗೆ ಅಂಟದಿದ್ದರೆ ಅಪಾಯ. ಹಾಗಾಗಿ "ಆಸ್ಪಿರಿನ್ ಒಳ್ಳೇದಾ ಕೆಟ್ಟದ್ದಾ" ಅಂತ ಕೇಳಿದರೆ ಉತ್ತರ ಸಿಗಲ್ಲ. ಯಾರಿಗೆ, ಯಾವಾಗ, ಎಷ್ಟು, ಯಾರಿಗೆ ಬೇಡ ಅಂತ ಕೇಳಬೇಕು. ಇದನ್ನು ಮಾತ್ರೆ ಮಾತ್ರೆಗೂ ಬರೆದಿಟ್ಟ ಪುಸ್ತಕವೊಂದನ್ನು ಕೇಂದ್ರ ಸರ್ಕಾರವೇ ಹೊರತಂದಿದೆ. ಹೆಸರು ನ್ಯಾಷನಲ್ ಫಾರ್ಮುಲರಿ ಆಫ್ ಇಂಡಿಯಾ. ಕನ್ನಡದಲ್ಲಿ ರಾಷ್ಟ್ರೀಯ ಔಷಧ ಕೈಪಿಡಿ ಅನ್ನಬಹುದು.

ಯಾರು ಮಾಡೋದು ಈ ಪುಸ್ತಕ?

ಉತ್ತರ ಪ್ರದೇಶದ ಗಾಜಿಯಾಬಾದ್‌ನಲ್ಲಿ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅಂತ ಇದೆ. ಕೇಂದ್ರ ಆರೋಗ್ಯ ಸಚಿವಾಲಯದ ಕೆಳಗಿನ ಸ್ವಾಯತ್ತ ಸಂಸ್ಥೆ. ಇದು ಎರಡು ದೊಡ್ಡ ಪುಸ್ತಕ ತರುತ್ತೆ, ಎರಡನ್ನೂ ಒಂದೇ ಅಂದುಕೊಳ್ಳೋರೇ ಹೆಚ್ಚು.

ಒಂದು ಇಂಡಿಯನ್ ಫಾರ್ಮಕೋಪಿಯಾ. ಮಾತ್ರೆ, ಇಂಜೆಕ್ಷನ್, ಸಿರಪ್ ಹೇಗಿರಬೇಕು, ಎಷ್ಟು ಶುದ್ಧ ಇರಬೇಕು, ಪ್ರಯೋಗಾಲಯದಲ್ಲಿ ಹೇಗೆ ಪರೀಕ್ಷೆ ಮಾಡಬೇಕು ಅನ್ನೋದು ಅದರಲ್ಲಿದೆ. ಅದು ಕಾನೂನು. ಮಾತ್ರೆ ಪಟ್ಟಿ ಮೇಲೆ ಔಷಧದ ಹೆಸರಿನ ಪಕ್ಕ "ಐಪಿ" ಅಂತ ಎರಡಕ್ಷರ ಇರುತ್ತಲ್ಲ, ಅದು ಇದೇ ಪುಸ್ತಕದ ಗುರುತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವಾದಾಗ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಸ್ ಬಗ್ಗೆ ಎದ್ದ ಪ್ರಶ್ನೆ ಈ ಗುಣಮಟ್ಟದ ಲೆಕ್ಕಕ್ಕೆ ಬರುವಂಥದ್ದು.

ಇನ್ನೊಂದು ನ್ಯಾಷನಲ್ ಫಾರ್ಮುಲರಿ. ಔಷಧ ಚೆನ್ನಾಗಿ ತಯಾರಾಗಿದೆ, ಸರಿ. ಅದನ್ನು ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು? ಅದು ಈ ಪುಸ್ತಕದ ಕೆಲಸ. ಬಳಸೋರು ಡಾಕ್ಟರು, ಫಾರ್ಮಸಿಸ್ಟ್, ನರ್ಸ್, ವಿದ್ಯಾರ್ಥಿಗಳು. ಇದು ಕಾನೂನು ಅಲ್ಲ, ಮಾರ್ಗದರ್ಶಿ. ಡಾಕ್ಟರು ರೋಗಿಯನ್ನು ನೋಡಿ ಬೇರೆ ತೀರ್ಮಾನ ಮಾಡಬಹುದು.

ಬ್ರಿಟನ್‌ನಲ್ಲಿ ಇಂಥದ್ದೇ ಪುಸ್ತಕ 1949ರಿಂದ ಇದೆ, ಅಲ್ಲಿನ ಡಾಕ್ಟರುಗಳ ಕೈಯಲ್ಲಿ ಇವತ್ತಿಗೂ ಇರುತ್ತೆ. ನಮ್ಮಲ್ಲಿ ಮೊದಲ ಆವೃತ್ತಿ 1960ರಲ್ಲಿ ಬಂತು. ಎರಡನೆಯದು 1966, ಮೂರನೆಯದು 1979. ಆಮೇಲೆ? ನಾಲ್ಕನೆಯದು 2011ರದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರದ ಕೈಪಿಡಿಗೆ ಹೊಸ ಆವೃತ್ತಿಯೇ ಇರಲಿಲ್ಲ. ಆ ಮೂವತ್ತು ವರ್ಷದಲ್ಲಿ ಮಾರುಕಟ್ಟೆಗೆ ಬಂದ ಹೊಸ ಔಷಧಗಳು ಎಷ್ಟೋ. ಹೊಸ ಮಾತ್ರೆ ಬಗ್ಗೆ ಊರಿನ ಡಾಕ್ಟರಿಗೆ, ಮೆಡಿಕಲ್ ಸ್ಟೋರಿನವರಿಗೆ ಸುಲಭವಾಗಿ ಸಿಗುತ್ತಿದ್ದ ಮಾಹಿತಿ ಅಂದರೆ ಬ್ಯಾಗ್ ಹಿಡಿದು ಬರುವ ಕಂಪನಿ ರೆಪ್ ಹೇಳಿದ್ದು, ಇಲ್ಲವೇ ಬ್ರ್ಯಾಂಡ್ ಹೆಸರು ಜೋಡಿಸಿದ ಖಾಸಗಿ ಪುಸ್ತಕಗಳು. ಮಾತ್ರೆ ಮಾರೋರೇ ಮಾತ್ರೆ ಬಗ್ಗೆ ಪಾಠ ಹೇಳೋ ಪದ್ಧತಿ ಬೇರೂರಿದ್ದು ಹೀಗೆ. ಐದನೇ ಆವೃತ್ತಿ 2016ರಲ್ಲಿ, ಆರನೆಯದು 2021ರಲ್ಲಿ ಬಂತು.

ಒಳಗೆ ಏನಿರುತ್ತೆ?

ಪುಸ್ತಕ ಇಂಗ್ಲಿಷ್‌ನಲ್ಲಿದೆ, ಜನಸಾಮಾನ್ಯರಿಗೆ ಅಂತ ಬರೆದದ್ದಲ್ಲ. ಆದರೆ ಅದರ ಪದ್ಧತಿ ಸರಳ. ರೋಗದ ಪ್ರಕಾರ ಅಧ್ಯಾಯ. ಅಧ್ಯಾಯದೊಳಗೆ ಒಂದೊಂದು ಔಷಧಕ್ಕೂ ಒಂದೊಂದು ಬರಹ: ಯಾವ ಕಾಯಿಲೆಗೆ, ಯಾವ ರೂಪದಲ್ಲಿ ಸಿಗುತ್ತೆ, ದೊಡ್ಡವರಿಗೆ ಎಷ್ಟು, ಮಕ್ಕಳಿಗೆ ತೂಕದ ಪ್ರಕಾರ ಎಷ್ಟು, ಯಾರಿಗೆ ಕೊಡಲೇಬಾರದು, ಯಾರಿಗೆ ಎಚ್ಚರಿಕೆಯಿಂದ ಕೊಡಬೇಕು, ಬಸುರಿಯರಿಗೆ ಆಗುತ್ತಾ, ಅಡ್ಡ ಪರಿಣಾಮ ಏನು, ಎಲ್ಲಿ ಹೇಗೆ ಇಡಬೇಕು. ಹಿಂದುಗಡೆ ಅನುಬಂಧಗಳಲ್ಲಿ ಒಂದು ಔಷಧ ಇನ್ನೊಂದರ ಜೊತೆ ಸೇರಿದರೆ ಏನಾಗುತ್ತೆ, ಕಿಡ್ನಿ ಅಥವಾ ಲಿವರ್ ಕೆಟ್ಟವರಿಗೆ ಏನು ಮಾಡಬೇಕು ಅನ್ನೋ ವಿವರ.

ಬ್ರ್ಯಾಂಡ್ ಹೆಸರಲ್ಲಿ ಹುಡುಕಿದರೆ ಮಾತ್ರ ಇದರಲ್ಲಿ ಏನೂ ಸಿಗಲ್ಲ. ಡೋಲೋ ಅಂತ ಹುಡುಕಬೇಡಿ, ಪ್ಯಾರಾಸಿಟಮಾಲ್ ಅಂತ ಹುಡುಕಿ. ಇಕೋಸ್ಪ್ರಿನ್ ಅಂತಲ್ಲ, ಡಿಸ್ಪ್ರಿನ್ ಅಂತಲೂ ಅಲ್ಲ. ಎರಡರಲ್ಲೂ ಇರೋದು ಆಸ್ಪಿರಿನ್ನೇ, ಪ್ರಮಾಣ ಬೇರೆ. ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತಗೊಳ್ಳೋ ಅಜ್ಜ ತಲೆನೋವಿಗೆ ಅಂತ ಪೆಟ್ಟಿಗೆ ಅಂಗಡಿಯಿಂದ ಇನ್ನೊಂದು ಹೆಸರಿನ ಮಾತ್ರೆ ತಂದು ನೀರಿಗೆ ಹಾಕಿ ಕುಡಿದರೆ, ಅದೇ ಔಷಧವನ್ನು ಎರಡು ಸಲ ತಗೊಂಡ ಹಾಗೆ.

ಪ್ಯಾರಾಸಿಟಮಾಲ್ ವಿಷಯದಲ್ಲಿ ಇದು ದಿನನಿತ್ಯದ ಕಥೆ. ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ಮಿತಿ. 650ರ ಮಾತ್ರೆ ಆರು ನುಂಗಿದರೆ 3.9 ಗ್ರಾಂ, ಅಲ್ಲಿಗೆ ಮುಗೀತು. ಜ್ವರಕ್ಕೆ 650ರ ಮಾತ್ರೆ, ನೆಗಡಿಗೆ ಬೇರೆ ಮಾತ್ರೆ, ಮೈಕೈ ನೋವಿಗೆ ಮತ್ತೊಂದು. ಮೂರರ ಪಟ್ಟಿ ತಿರುಗಿಸಿ ನೋಡಿದರೆ ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಮಿತಿ ಮೀರಿದರೆ ಪೆಟ್ಟು ಬೀಳೋದು ಲಿವರ್‌ಗೆ. ಕುಡಿಯೋ ಅಭ್ಯಾಸ ಇದ್ದವರಿಗೆ ಮಿತಿಯೊಳಗಿದ್ದರೂ ಎಚ್ಚರ ಬೇಕು. ಮಕ್ಕಳಿಗೆ ತೂಕದ ಪ್ರತಿ ಕೆ.ಜಿ.ಗೆ 10ರಿಂದ 15 ಮಿಲಿಗ್ರಾಂ ಲೆಕ್ಕ. ಅಂದರೆ 10 ಕೆ.ಜಿ. ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ. ಸಿರಪ್ ಬಾಟಲಿಯಲ್ಲಿ 5 ಮಿ.ಲೀ.ಗೆ 120, 125, 250 ಅಂತ ಬೇರೆ ಬೇರೆ ಶಕ್ತಿ ಬರುತ್ತೆ. "ಹೋದ ಸಲ ಒಂದು ಮುಚ್ಚಳ ಕೊಟ್ಟಿದ್ವಿ, ಈ ಸಲವೂ ಒಂದು ಮುಚ್ಚಳ" ಅನ್ನೋದು ಲೆಕ್ಕ ತಪ್ಪೋ ದಾರಿ.

ಹಾಗಾದರೆ ಎದೆ ನೋವಿಗೆ ಆಸ್ಪಿರಿನ್ ಬೇಡವಾ?

ಮತ್ತೆ ಆಸ್ಪಿರಿನ್ನಿಗೆ ಬರೋಣ. ಹೃದಯಾಘಾತ ಅಂತ ಗೊತ್ತಾದಾಗ 150ರಿಂದ 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡೋದು ಎಲ್ಲ ಕಡೆ ಒಪ್ಪಿದ ಚಿಕಿತ್ಸೆ. ವಾಟ್ಸಾಪ್ ಮೆಸೇಜು ಬಿಟ್ಟಿದ್ದು ಅದರ ಕೆಳಗಿನ ಸಾಲುಗಳನ್ನ. ಹೊಟ್ಟೆಯಲ್ಲಿ ಅಲ್ಸರ್ ಇದ್ದವರಿಗೆ, ರಕ್ತಸ್ರಾವದ ಕಾಯಿಲೆ ಇದ್ದವರಿಗೆ, ಆಸ್ಪಿರಿನ್ ಅಲರ್ಜಿ ಇದ್ದವರಿಗೆ ಬೇಡ. ಆಸ್ತಮಾ ಇದ್ದವರಲ್ಲಿ ಕೆಲವರಿಗೆ ಉಸಿರು ಕಟ್ಟುತ್ತೆ. 16 ವರ್ಷದೊಳಗಿನ ಮಕ್ಕಳಿಗೆ ಡಾಕ್ಟರು ವಿಶೇಷ ಕಾರಣಕ್ಕೆ ಹೇಳದ ಹೊರತು ಕೊಡಬಾರದು, ಲಿವರ್ ಮತ್ತು ಮಿದುಳಿಗೆ ಏಟು ಬೀಳೋ ರೇಸ್ ಸಿಂಡ್ರೋಮ್ ಅನ್ನೋ ಅಪರೂಪದ ಆದರೆ ಜೀವಕ್ಕೆ ಬರುವ ತೊಂದರೆ ಇದೆ.

ಎದೆ ಉರಿ ಎಲ್ಲ ಹೃದಯಾಘಾತ ಅಲ್ಲ, ಅಲ್ಸರ್ ನೋವೂ ಅಲ್ಲೇ ಬರುತ್ತೆ. ಅದಕ್ಕೆ ಆಸ್ಪಿರಿನ್ ಬಿದ್ದರೆ ಉರಿಯೋ ಬೆಂಕಿಗೆ ತುಪ್ಪ. ತಿರುಗಾ, ನಿಜವಾದ ಹೃದಯಾಘಾತವನ್ನು "ಗ್ಯಾಸ್ಟ್ರಿಕ್" ಅಂತ ಸೋಡಾ ಕುಡಿದು ಮಲಗಿ ಹೊತ್ತು ಕಳೆದವರೂ ಇದ್ದಾರೆ. ಹಾಗಾಗಿ ಮೊದಲು 108ಕ್ಕೆ ಫೋನ್, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ. ಆಸ್ಪಿರಿನ್ ಕೊಡಬೇಕಾ ಅನ್ನೋದನ್ನ ಫೋನಲ್ಲೇ ಕೇಳಬಹುದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ನೋಡಿ, ಅಗತ್ಯ ಇದ್ದರೆ ಹೆಪ್ಪು ಕರಗಿಸೋ ಟೆನೆಕ್ಟಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ದುಬಾರಿ ಇಂಜೆಕ್ಷನ್ ಅದು. ಇತ್ತೀಚೆಗೆ ಆಪರೇಷನ್ ಆದವರು, ಮಿದುಳಲ್ಲಿ ರಕ್ತಸ್ರಾವ ಆಗಿದ್ದವರು ಮೊದಲೇ ಹೇಳದಿದ್ದರೆ ಅದೇ ಇಂಜೆಕ್ಷನ್ ಜೀವಕ್ಕೆ ಎರವಾಗುತ್ತೆ.

ನಾಲಿಗೆ ಕೆಳಗೆ ಇಡೋ ಐಸೋಸಾರ್ಬೈಡ್ ಮಾತ್ರೆ ಕಥೆಯೂ ಹೀಗೇ. ರಕ್ತನಾಳ ಸಡಿಲ ಮಾಡಿ ನೋವು ಕಮ್ಮಿ ಮಾಡುತ್ತೆ, ಜೊತೆಗೆ ಬಿಪಿಯನ್ನೂ ಇಳಿಸುತ್ತೆ. ಬಿಪಿ ಮೊದಲೇ ಕುಸಿದಿದ್ದರೆ ಕೊಡೋ ಹಾಗಿಲ್ಲ. ಗಂಡಸರು ಸಂಕೋಚಕ್ಕೆ ಹೇಳದ ಒಂದು ವಿಷಯ: ಸಿಲ್ಡೆನಾಫಿಲ್ ಮಾತ್ರೆ ನುಂಗಿದವರಿಗೆ ಇದನ್ನು ಕೊಟ್ಟರೆ ಬಿಪಿ ಪಾತಾಳಕ್ಕೆ ಇಳಿಯುತ್ತೆ, ಸಾವೂ ಆಗಬಹುದು. ಡಾಕ್ಟರ ಹತ್ತಿರ ಅದನ್ನು ಮುಚ್ಚಿಡಬಾರದು.

ಭಯದಲ್ಲಿ ದಿನಕ್ಕೊಂದು ಆಸ್ಪಿರಿನ್ ಶುರು ಮಾಡಿಕೊಂಡವರೂ ಇರಬಹುದು. ಹೃದಯದ ಕಾಯಿಲೆ ಇಲ್ಲದವರು ಡಾಕ್ಟರನ್ನು ಕೇಳದೆ ಹೀಗೆ ಮಾಡಿದರೆ ಲಾಭಕ್ಕಿಂತ ರಕ್ತಸ್ರಾವದ ಅಪಾಯವೇ ಹೆಚ್ಚು, ಅದರಲ್ಲೂ ವಯಸ್ಸಾದವರಿಗೆ. ಹೃದಯಕ್ಕೆ ಅಂತ ಡಾಕ್ಟರೇ ಬರೆದುಕೊಟ್ಟಿದ್ದರೆ ಮಾತ್ರ ತಾನಾಗಿ ನಿಲ್ಲಿಸಲೂಬಾರದು.

ಭಯ ಹೃದಯದ್ದು, ಮಾತ್ರೆ ಮಂಡಿದ್ದು

ಜಿಲ್ಲೆಯ ಜನ ಹೃದಯದ ಚಿಂತೆಯಲ್ಲಿ ಮೈಸೂರಿಗೆ ಹೋಗಿ ಸಾಲು ನಿಂತರು. ಊರಲ್ಲಿ ಚೀಟಿ ಇಲ್ಲದೆ ಕೊಳ್ಳೋ ನೋವಿನ ಮಾತ್ರೆ ಬಗ್ಗೆ ಅಷ್ಟು ಮಾತಾಗಲಿಲ್ಲ. ಗದ್ದೆ ಕೆಲಸ, ಆಲೂಗಡ್ಡೆ ಮೂಟೆ, ತಂಬಾಕು ಬ್ಯಾರನ್ನು ಅಂತ ಮೈ ಮುರಿದು ದುಡಿಯೋ ಕಡೆ ಮಂಡಿ ನೋವು, ಸೊಂಟ ನೋವು ಇಲ್ಲದ ಮನೆ ಕಮ್ಮಿ. ಡೈಕ್ಲೋಫೆನಾಕ್ ಕೆಲಸ ಮಾಡುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಹೃದಯದ ಕಾಯಿಲೆ ಇದ್ದವರಿಗೆ, ಪಾರ್ಶ್ವವಾಯು ಆಗಿದ್ದವರಿಗೆ ಅದು ಬೇಡದ ಮಾತ್ರೆ, ಹೃದಯಾಘಾತದ ಸಾಧ್ಯತೆಯನ್ನೇ ಹೆಚ್ಚಿಸುತ್ತೆ. ಬಿಪಿಗೆ ಟೆಲ್ಮಿಸಾರ್ಟಾನ್, ಜೊತೆಗೆ ಮೂತ್ರ ಹೋಗೋ ಮಾತ್ರೆ ತಗೊಳ್ಳೋರು ಇದನ್ನೂ ಸೇರಿಸಿಕೊಂಡರೆ ಮೂರೂ ಸೇರಿ ಕಿಡ್ನಿ ಮೇಲೆ ಬೀಳುತ್ತವೆ. ಡೆಂಗಿ ಅನುಮಾನ ಇದ್ದರೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಎರಡೂ ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ.

"ಮೈಕೈ ನೋವಿಗೆ ಒಂದು ಡೋಸ್ ಕೊಡಿ" ಅಂದರೆ ನಾಲ್ಕೈದು ಬಣ್ಣದ ಮಾತ್ರೆ ಪೇಪರ್ ಪೊಟ್ಟಣದಲ್ಲಿ ಬರೋ ಪದ್ಧತಿ ಇದೆಯಲ್ಲ, ಅದು ಎಲ್ಲಕ್ಕಿಂತ ಅಪಾಯ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಒಂದೇ ದಿನದಲ್ಲಿ ಹಗುರ ಅನ್ನಿಸುತ್ತೆ, ಶುಗರ್ ಇದ್ದವರಿಗೆ ಶುಗರ್ ಏರುತ್ತೆ. ಆಮೇಲೆ ಆಸ್ಪತ್ರೆಗೆ ಹೋದರೆ "ಏನು ತಗೊಂಡಿದ್ರಿ" ಅನ್ನೋ ಪ್ರಶ್ನೆಗೆ ರೋಗಿ ಹತ್ತಿರ ಉತ್ತರ ಇಲ್ಲ. ಪೊಟ್ಟಣದ ಮೇಲೆ ಹೆಸರಿಲ್ಲದಿದ್ದರೆ ಯಾವ ಕೈಪಿಡಿಯೂ ಉಪಯೋಗಕ್ಕೆ ಬರಲ್ಲ.

2018ರ ಸೆಪ್ಟೆಂಬರ್ 13ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಪಟ್ಟಿ ಮೇಲೆ ಔಷಧದ ಮೂಲ ಹೆಸರು ಬ್ರ್ಯಾಂಡ್ ಹೆಸರಿಗಿಂತ ಕನಿಷ್ಠ ಎರಡು ಫಾಂಟ್ ಅಳತೆ ದೊಡ್ಡದಾಗಿರಬೇಕು. ವಿಟಮಿನ್ ಮಿಶ್ರಣಕ್ಕೆ, ಮೂರು ಅಥವಾ ಹೆಚ್ಚು ಔಷಧ ಸೇರಿದ ಮಾತ್ರೆಗೆ ವಿನಾಯಿತಿ ಇದೆ. ಹೆಸರು ಓದಬೇಕಾದ ಮಾತ್ರೆಗಳು ಅವೇ, ವಿನಾಯಿತಿಯೂ ಅವಕ್ಕೇ! ಮಿಶ್ರಣ ಮಾತ್ರೆಗಳ ಮೇಲೆ ಕೇಂದ್ರ ಆಗಾಗ ಕತ್ತರಿ ಆಡಿಸುತ್ತಲೇ ಇದೆ, 2024ರ ಆಗಸ್ಟ್‌ನಲ್ಲಿ ಒಂದೇ ಸಲಕ್ಕೆ 156 ಮಿಶ್ರಣ ನಿಷೇಧ ಆಯಿತು.

ಹಾವು ಕಡಿದರೆ ಮಗುವಿಗೂ ಅದೇ ಡೋಸ್

ಕೈಪಿಡಿಯಲ್ಲಿ ವಿಷಕ್ಕೆ ಪ್ರತಿವಿಷದ ವಿಷಯವೂ ಇದೆ. ಹಳ್ಳಿಮೈಸೂರು, ಹಳೇಕೋಟೆ ಕಡೆ ಗದ್ದೆ ತೋಟದಲ್ಲಿ ಓಡಾಡೋರಿಗೆ ಇದು ಗೊತ್ತಿರಬೇಕು. ಎಲ್ಲ ಔಷಧವೂ ಮಕ್ಕಳಿಗೆ ಕಮ್ಮಿ, ದೊಡ್ಡವರಿಗೆ ಜಾಸ್ತಿ. ಹಾವಿನ ವಿಷಕ್ಕೆ ಕೊಡೋ ಇಂಜೆಕ್ಷನ್ ಮಾತ್ರ ಹಾಗಲ್ಲ. ಹಾವು ಮಗು ಅಂತ ವಿಷ ಕಮ್ಮಿ ಬಿಡಲ್ಲ, ಇಂಜೆಕ್ಷನ್ ಎದುರಿಸಬೇಕಿರೋದು ವಿಷವನ್ನ. ಹಾಗಾಗಿ ಇಬ್ಬರಿಗೂ ಒಂದೇ ಪ್ರಮಾಣ. "ಚಿಕ್ಕ ಮಗುವಿಗೆ ಇಷ್ಟೊಂದು ಬಾಟಲಿ ಹಾಕ್ತಿದ್ದಾರೆ" ಅಂತ ಆಸ್ಪತ್ರೆಯಲ್ಲಿ ಗಲಾಟೆ ಮಾಡೋ ಮೊದಲು ಇದು ನೆನಪಿರಲಿ. ಕಡಿದ ಎಲ್ಲರಿಗೂ ಕೊಡೋದೂ ಇಲ್ಲ, ವಿಷ ಏರಿದ ಲಕ್ಷಣ ಇದ್ದರೆ ಮಾತ್ರ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

ಅಂಗಡಿಯವರು ತಿಳಿಯಬೇಕಾದ್ದು

ದಿನಸಿ ಅಂಗಡಿ, ಪೆಟ್ಟಿಗೆ ಅಂಗಡಿಯಲ್ಲಿ ಮಾತ್ರೆ ಮಾರಬಹುದಾ? ಔಷಧ ನಿಯಮಗಳ ಶೆಡ್ಯೂಲ್ ಕೆ ಅನ್ನೋದರಲ್ಲಿ ಸಣ್ಣ ರಿಯಾಯಿತಿ ಇದೆ. ಪ್ಯಾರಾಸಿಟಮಾಲ್ ಮಾತ್ರೆ, ಆಸ್ಪಿರಿನ್ ಮಾತ್ರೆ, ನೋವಿನ ಬಾಮು, ಗ್ರೈಪ್ ವಾಟರ್, ನೀಲಗಿರಿ ಎಣ್ಣೆ, ಟಿಂಚರ್ ಅಯೋಡಿನ್ ಥರದ ಕೆಲವನ್ನು ಲೈಸೆನ್ಸ್ ಇಲ್ಲದೆ ಮಾರಬಹುದು. ಆದರೆ 1000ಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಹಳ್ಳಿಯಲ್ಲಿ ಮಾತ್ರ. ಲೈಸೆನ್ಸ್ ಇರೋ ಕಡೆಯಿಂದಲೇ ಕೊಂಡಿರಬೇಕು, ಪ್ಯಾಕ್ ಒಡೆಯದೆ ಮಾರಬೇಕು. ಹೊಳೆನರಸೀಪುರ ಪೇಟೆ, ಅರಕಲಗೂಡು, ಚನ್ನರಾಯಪಟ್ಟಣ ಅಂಗಡಿಗಳಿಗೆ ಇದು ಅನ್ವಯ ಆಗಲ್ಲ. ಡೈಕ್ಲೋಫೆನಾಕ್, ಆ್ಯಂಟಿಬಯೋಟಿಕ್ ಅಂತೂ ಯಾವ ಊರಿನ ದಿನಸಿ ಅಂಗಡಿಯಲ್ಲೂ ಇಡೋ ಹಾಗಿಲ್ಲ. ಲೈಸೆನ್ಸ್ ಇಲ್ಲದೆ ಔಷಧ ಮಾರಿ ಸಿಕ್ಕಿಬಿದ್ದರೆ ಕಾನೂನಿನಲ್ಲಿ 3ರಿಂದ 5 ವರ್ಷ ಜೈಲು, ಕನಿಷ್ಠ 1 ಲಕ್ಷ ರೂಪಾಯಿ ದಂಡ ಇದೆ. ಹತ್ತು ರೂಪಾಯಿ ಲಾಭಕ್ಕೆ ಇದು ಬೇಕಾ ಅಂತ ಅಂಗಡಿಯವರೇ ಲೆಕ್ಕ ಹಾಕಿಕೊಳ್ಳಬೇಕು.

ಮೆಡಿಕಲ್ ಸ್ಟೋರಿನವರಿಗೆ ನಿಯಮ ಗೊತ್ತಿರುತ್ತೆ, ಗಿರಾಕಿಗಳಿಗೂ ಗೊತ್ತಿರಲಿ. ಕೆಂಪು ಚೌಕಟ್ಟಿನ ಎಚ್ಚರಿಕೆ ಇರೋ ಶೆಡ್ಯೂಲ್ ಎಚ್1 ಔಷಧ ಕೊಡುವಾಗ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಎಷ್ಟು ಅಂತ ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. 2014ರ ಮಾರ್ಚ್‌ನಿಂದ ಇದು ಜಾರಿಯಲ್ಲಿದೆ. ಚೀಟಿ ಕೇಳಿದರು ಅಂತ "ಪಕ್ಕದ ಅಂಗಡಿಯವರು ಸುಮ್ನೆ ಕೊಡ್ತಾರೆ" ಅಂತ ಮುಖ ತಿರುಗಿಸಿಕೊಂಡು ಹೋಗೋದರಲ್ಲಿ ನಷ್ಟ ಗಿರಾಕಿದೇ.

ಮಕ್ಕಳ ಕೆಮ್ಮಿನ ಸಿರಪ್ ವಿಷಯದಲ್ಲಂತೂ ಇಬ್ಬರೂ ಬಿಗಿಯಾಗಿರಬೇಕು. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷಕಾರಿ ರಾಸಾಯನಿಕ ಸೇರಿದ್ದ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ಹೊರಬಂದ ಮೇಲೆ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎಚ್ಚರಿಕೆ ಕಳಿಸಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿ ಔಷಧ ಬೇಡ, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ. ಸಿರಪ್ ಕಲಬೆರಕೆ ಆಗಿದ್ದು ಮೊದಲ ಪುಸ್ತಕದ ಪ್ರಶ್ನೆ, ಅಷ್ಟು ಚಿಕ್ಕ ಮಕ್ಕಳಿಗೆ ಸಿರಪ್ ಕೊಟ್ಟಿದ್ದೇ ಯಾಕೆ ಅನ್ನೋದು ಎರಡನೇ ಪುಸ್ತಕದ ಪ್ರಶ್ನೆ. ನಿಮೆಸುಲೈಡ್‌ ಅನ್ನು 12 ವರ್ಷದೊಳಗಿನವರಿಗೆ ಕೊಡೋ ಹಾಗಿಲ್ಲ ಅಂತ 2011ರಲ್ಲೇ ನಿಷೇಧ ಆಗಿದೆ.

ಕೌಂಟರಿನಲ್ಲಿ ಏನು ಕೇಳಬೇಕು?

ಪುಸ್ತಕ ಎಲ್ಲರೂ ಓದಬೇಕಿಲ್ಲ. ಔಷಧ ಕೊಳ್ಳುವಾಗ ಮೂಲ ಹೆಸರೇನು, ಮನೆಯಲ್ಲಿ ಇರೋ ಮಾತ್ರೆಯಲ್ಲೂ ಇದೇ ಇದೆಯಾ, ದಿನಕ್ಕೆ ಹೆಚ್ಚೆಂದರೆ ಎಷ್ಟು ಅಂತ ಕೇಳಿದರೆ ಸಾಕು. ಬಿಪಿ, ಶುಗರ್, ಅಲ್ಸರ್, ಕಿಡ್ನಿ ತೊಂದರೆ, ಆಸ್ತಮಾ, ಬಸುರಿ, ಹಾಲು ಕುಡಿಸೋ ತಾಯಿ, ಇದರಲ್ಲಿ ಏನಿದ್ದರೂ ಕೇಳದೆಯೇ ಹೇಳಬೇಕು. ಪಟ್ಟಿ ಕತ್ತರಿಸಿ ಕೊಟ್ಟರೆ ಹೆಸರು, ಎಕ್ಸ್‌ಪೈರಿ ಇರೋ ತುದಿಯ ಫೋಟೋ ತೆಗೆದುಕೊಳ್ಳಿ, ಬಿಲ್ ಕೇಳಿ. ಹಾಸನದ ಹಿಮ್ಸ್‌ಗೆ ಹೋಗಲಿ, ಮೈಸೂರಿಗೆ ಹೋಗಲಿ, ಮನೆಯಲ್ಲಿರೋ ಅಷ್ಟೂ ಪಟ್ಟಿಗಳನ್ನು ಒಂದು ಕವರಿಗೆ ಹಾಕಿಕೊಂಡು ಹೋಗಿ.

ಮಾತ್ರೆ ತಗೊಂಡ ಮೇಲೆ ಮೈಮೇಲೆ ಗಂಧೆ, ಉಸಿರಾಟದ ತೊಂದರೆ, ಮಲ ಕಪ್ಪಗೆ ಹೋಗೋದು, ಮೂತ್ರ ಕಮ್ಮಿಯಾಗೋದು ಕಂಡರೆ ಮೊದಲು ಆಸ್ಪತ್ರೆ. ಆಮೇಲೆ ಅದನ್ನು ದಾಖಲು ಮಾಡಿಸಿ. ಕೈಪಿಡಿ ತರುವ ಅದೇ ಗಾಜಿಯಾಬಾದ್ ಸಂಸ್ಥೆಯೇ ದೇಶದ ಔಷಧ ಅಡ್ಡ ಪರಿಣಾಮಗಳ ಲೆಕ್ಕವನ್ನೂ ಇಡುತ್ತೆ. ಡಾಕ್ಟರೇ ಆಗಬೇಕಿಲ್ಲ, ರೋಗಿ ಅಥವಾ ಮನೆಯವರೂ ತಿಳಿಸಬಹುದು, ಜನಸಾಮಾನ್ಯರ ಫಾರಂ ಕನ್ನಡದಲ್ಲೂ ಇದೆ. ಉಚಿತ ಸಹಾಯವಾಣಿ 1800-180-3024. ಔಷಧಕ್ಕೆ ಎಂಆರ್‌ಪಿಗಿಂತ ಹೆಚ್ಚು ವಸೂಲಿ ಮಾಡಿದರೆ ಹೇಳಬೇಕಾದ್ದು ಬೇರೆ ಕಡೆ: ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರದ 1800-111-255.